ಮೊದಲು ಗೇಟು, ಆಮೇಲೆ ರೂಮು

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಎರಡು ದಿನ ನಾಗರಹೊಳೆಗೆ ಹೋಗಬೇಕು ಅಂತಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ 70 ದಾಟಿದ ಅತ್ತೆ. ಮಕ್ಕಳಿಗೆ ಕಾಡಲ್ಲಿ ಟೆಂಟ್ ಹಾಕಿ ಮಲಗುವ ಆಸೆ. ಕುಟ್ಟ, ಹುಣಸೂರು, ಕಬಿನಿ ಎಲ್ಲಾ ಕಡೆಯ ರೆಸಾರ್ಟಿನವರೂ ‘ನಾಗರಹೊಳೆಗೆ ಹತ್ತಿರ’ ಅಂತಲೇ ಹಾಕಿಕೊಂಡಿದ್ದಾರೆ. ಎಲ್ಲಿ ಉಳಿಯೋದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಕ್ಕಳಿಗೆ ಬೇಸರ ಆಗುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾಗರಹೊಳೆ ಒಳಗೆ ಟೆಂಟ್ ಹಾಕುವಂತಿಲ್ಲ. ಅದು ಹುಲಿ ಕಾಡು. ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸಾಗುತ್ತದೆ. ‘ಕಾಡಿನೊಳಗೇ ಕ್ಯಾಂಪಿಂಗ್’ ಅಂತ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಟೆಂಟಲ್ಲೇ ಮಲಗಬೇಕು ಅಂದರೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಟೆಂಟ್‌ಗಳಿವೆ, ಸುತ್ತಲೂ ಕಾಡೇ. ಅದನ್ನು ಇನ್ನೊಂದು ರಜೆಗೆ ಇಟ್ಟುಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ರೂಮು ಹುಡುಕುವ ಮೊದಲು ಸಫಾರಿ ಯಾವ ಗೇಟಿನಿಂದ ಅಂತ ತೀರ್ಮಾನ ಮಾಡಿ. ಕುಟ್ಟದ ಹತ್ತಿರ ನಾಣಚ್ಚಿ, ಹುಣಸೂರು ಕಡೆ ವೀರನಹೊಸಹಳ್ಳಿ, ಎಚ್.ಡಿ. ಕೋಟೆ ದಾಟಿದರೆ ಕಬಿನಿ ಕಡೆಯ ದಮ್ಮನಕಟ್ಟೆ. ಕಾಡು ಒಂದೇ, ಆದರೆ ಕುಟ್ಟದಿಂದ ಕಬಿನಿ ಕಡೆಗೆ ಮಧ್ಯೆ ಅಡ್ಡ ಹಾಯುವ ಹಾಗಿಲ್ಲ ಅಲ್ವಾ, ಸುತ್ತಿಕೊಂಡೇ ಹೋಗಬೇಕು. ಇದು ನನಗೆ ಅನುಭವದಿಂದ ಗೊತ್ತಾಗಿದ್ದು. ಒಮ್ಮೆ ಕುಟ್ಟದಲ್ಲಿ ಉಳಿದು, ಬೆಳಗಿನ ಸಫಾರಿ ದಮ್ಮನಕಟ್ಟೆಯಿಂದ ಬುಕ್ ಮಾಡಿದ್ದೆವು. ರೂಮು ಕೊಡಿಸಿದವರು ‘ಪಕ್ಕದಲ್ಲೇ ಸರ್’ ಅಂದಿದ್ದರು. ಹೊರಟ ಮೇಲೆ ನೋಡಿದರೆ ತೋಲ್ಪೆಟ್ಟಿ, ಕಾಟ್ಟಿಕುಳಂ ಅಂತ ಕೇರಳಕ್ಕೆ ಇಳಿದು, ಬಾವಲಿಯಲ್ಲಿ ಮತ್ತೆ ಕರ್ನಾಟಕಕ್ಕೆ ಬರಬೇಕು. ಬಾವಲಿ ರಸ್ತೆ ಸಂಜೆ 6ಕ್ಕೆ ಮುಚ್ಚಿದರೆ ತೆಗೆಯುವುದು ಬೆಳಿಗ್ಗೆ 6ಕ್ಕೇ. ಕತ್ತಲಲ್ಲಿ ಗೇಟಿನ ಮುಂದೆ ಕಾದು ಕೂತು, ದಮ್ಮನಕಟ್ಟೆ ಮುಟ್ಟುವಷ್ಟರಲ್ಲಿ ಸಫಾರಿ ಬಸ್ಸು ಹೋಗಿಯಾಗಿತ್ತು. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಏಪ್ರಿಲ್ ಅಂದರೆ ನಾನು ಕಬಿನಿ ಕಡೆಯನ್ನೇ ಹೇಳುತ್ತೇನೆ, ಎರಡನೇ ಯೋಚನೆಯೇ ಬೇಡ. ಬೇಸಿಗೆಯಲ್ಲಿ ಕಬಿನಿ ಅಣೆಕಟ್ಟಿನ ಹಿನ್ನೀರು ಇಳಿದು, ನೀರು ಬಿಟ್ಟ ನೆಲದಲ್ಲಿ ಹಸಿರು ಹುಲ್ಲು ಬರುತ್ತದೆ. ಕಾಡಿನ ಒಳಗೆ ಕೆರೆಕಟ್ಟೆ ಒಣಗಿರುತ್ತವೆ. ಹಾಗಾಗಿ ಆನೆಗಳು ಮರಿಗಳನ್ನು ಕಟ್ಟಿಕೊಂಡು ಗುಂಪು ಗುಂಪಾಗಿ ದಡಕ್ಕೆ ಬರುತ್ತವೆ. ಅತ್ತೆಗೂ ಇದೇ ಸರಿ. ಜೀಪಿನ ಕುಲುಕಾಟ ಸೊಂಟಕ್ಕೆ ಆಗಿಬರುವುದಿಲ್ಲ ಅಂದರೆ ದೋಣಿ ಸಫಾರಿ ಇದೆ, ನೀರು ತೀರಾ ಇಳಿದಿದ್ದರೆ ನಡೆಯುತ್ತಾ ಅಂತ ಮಾತ್ರ ಕೇಳಿಕೊಳ್ಳಿ. ಬಸ್ಸಾದರೆ ಹಿಂದಿನ ಸೀಟು ಬೇಡ.

ದುಡ್ಡಿನ ವಿಷಯ. ಕಬಿನಿಯಲ್ಲಿ ಎಷ್ಟೇ ದುಬಾರಿ ರೆಸಾರ್ಟಲ್ಲಿ ಉಳಿದರೂ ಅವರು ಸಫಾರಿಗೆ ಕಳಿಸುವುದು ಜಂಗಲ್ ಲಾಡ್ಜಸ್‌ನವರ ವಾಹನದಲ್ಲೇ. ಜಾಸ್ತಿ ದುಡ್ಡು ಕೊಟ್ಟವರಿಗೆ ಬೇರೆ ಹುಲಿ ಕಾಣುವುದಿಲ್ಲ. ಆ ದುಡ್ಡು ಈಜುಕೊಳಕ್ಕೆ, ಊಟಕ್ಕೆ, ಹಾಸಿಗೆಗೆ. ಕಾರಾಪುರದಲ್ಲಿ ಜಂಗಲ್ ಲಾಡ್ಜಸ್‌ನವರದ್ದೇ ಕಬಿನಿ ರಿವರ್ ಲಾಡ್ಜ್ ಇದೆ. 1980ರಲ್ಲಿ ಶುರುವಾದ ಆ ಸಂಸ್ಥೆಯ ಮೊದಲ ಲಾಡ್ಜ್ ಅದೇ, ಮೈಸೂರು ಮಹಾರಾಜರ ಬೇಟೆ ಬಂಗಲೆಯ ಜಾಗದಲ್ಲಿ. ಊಟ, ಸಫಾರಿ ಎಲ್ಲಾ ಸೇರಿ ತಲೆಗಿಷ್ಟು ಅಂತ ಲೆಕ್ಕ, ರೂಮಿಗಲ್ಲ. ಐದು ಜನಕ್ಕೆ ಭಾರ ಅನ್ನಿಸಿದರೆ ಅಂತರಸಂತೆ, ಎಚ್.ಡಿ. ಕೋಟೆ ಕಡೆ ಸಾಧಾರಣ ಹೋಂಸ್ಟೇ ನೋಡಿ, ಅರಣ್ಯ ಇಲಾಖೆಯ ಬಸ್ ಸಫಾರಿಗೆ ಹೋಗಿ. ಮಕ್ಕಳಿಗೆ ನೆನಪಿರುವುದು ಆನೆ, ರೂಮಲ್ಲ.

ಬುಕ್ ಮಾಡುವಾಗ ಇನ್ನೊಂದು ಕೇಳಿ: ರಾತ್ರಿ ಹಾಡು ಹಾಕುತ್ತಾರಾ, ದೊಡ್ಡ ಲೈಟು ಉರಿಯುತ್ತಾ? ಆನೆ ರಾತ್ರಿ ನೀರಿಗೆ ಬರುವ ದಾರಿಯಲ್ಲೇ ಬೇಲಿ ಹಾಕಿ, ಕ್ಯಾಂಪ್‌ಫೈರ್ ಹಚ್ಚಿ ಕುಣಿಸುವ ಜಾಗಗಳು ಇವೆ. ದಾರಿ ಸಿಗದ ಆನೆ ಪಕ್ಕದ ಊರಿನ ಹೊಲಕ್ಕೆ ನುಗ್ಗುತ್ತದೆ. ನಮ್ಮ ಒಂದು ರಾತ್ರಿಯ ಖುಷಿಗೆ ಅಲ್ಲಿಯ ರೈತನ ರಾಗಿ ಹೋಗಬಾರದು. ಅಂಥ ಕಡೆ ರೂಮು ಸುಮ್ನೆ ಕೊಟ್ಟರೂ ಬೇಡ ಅನ್ನಿ.

ಮುಂಗಡ ಕಟ್ಟುವ ಮುಂಚೆ ಸಫಾರಿ ನಡೆಯುತ್ತಿದೆಯಾ ಅಂತಲೂ ವಿಚಾರಿಸಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಮತ್ತೆ ಹಾಗಾದರೆ ದುಡ್ಡು ವಾಪಸ್ ಕೊಡುತ್ತಾರಾ ಅಂತ ಬರವಣಿಗೆಯಲ್ಲೇ ಪಡೆಯಿರಿ. ಅತ್ತೆಯ ಮಾತ್ರೆಗಳನ್ನು ಊರಿಂದಲೇ ತನ್ನಿ, ಮೆಟ್ಟಿಲಿಲ್ಲದ ರೂಮು ಕೇಳಿ.

ಪ್ರಶ್ನೆ: ಕುದುರೆಮುಖ ಬೆಟ್ಟದ ತುದಿಯಲ್ಲಿ ಟೆಂಟ್ ಹಾಕಿ ಸೂರ್ಯೋದಯ ನೋಡಬಹುದಾ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಆಗಲ್ಲ. ಅದೂ ರಾಷ್ಟ್ರೀಯ ಉದ್ಯಾನ, ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ. ಒಣ ಹುಲ್ಲಿನ ಗುಡ್ಡ, ಒಂದು ಕಿಡಿ ಬಿದ್ದರೆ ಪಕ್ಕದ ಕಣಿವೆಯ ಹಸಿರು ಶೋಲಾ ಕಾಡಿಗೂ ಬೆಂಕಿ. ಸಂಸೆ, ಕಳಸದ ಕಡೆ ಹೋಂಸ್ಟೇಯಲ್ಲಿ ಉಳಿದು, ಬೆಳಿಗ್ಗೆ ಜೀಪಲ್ಲಿ ಮುಳ್ಳೋಡಿಗೆ ಹೋಗಿ ಹತ್ತಿ, ಸಂಜೆಯೊಳಗೆ ಇಳಿಯಿರಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಟಿಕೆಟ್ ಸಿಕ್ಕ ಮೇಲೆ ರೂಮು ಹಿಡಿಯಿರಿ. ಹೊಳೆ ಪಕ್ಕ ಮಲಗುವ ಆಸೆ ಇದ್ದರೆ ಅದೇ ಕಾಡಿನಲ್ಲಿ ಭಗವತಿ ಪ್ರಕೃತಿ ಶಿಬಿರ ಇದೆ, ರಾತ್ರಿಯಿಡೀ ನೀರಿನ ಸದ್ದು ಕೇಳುತ್ತಿರುತ್ತದೆ.