ತಲೆ ಕತ್ತರಿಸಿದರೆ ಮರ ಗಟ್ಟಿಯಾಗುತ್ತಾ?

ಏಪ್ರಿಲ್, ಮೇ ತಿಂಗಳ ಗಾಳಿಮಳೆ ಶುರುವಾದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಗುಲಾಬಿ, ಕರಿಬೇವು ಅನ್ನುತ್ತಿದ್ದವರು ಮನೆ ಮುಂದಿನ ದೊಡ್ಡ ಮರದ ಕಡೆ ಅನುಮಾನದಿಂದ ನೋಡಲು ತೊಡಗುತ್ತಾರೆ. ಈ ಸಲದ ಐದೂ ಪ್ರಶ್ನೆಗಳು ದೊಡ್ಡ ಮರಗಳವೇ.

ಪ್ರಶ್ನೆ: ನಮ್ಮ ಗೇಟಿನ ಮುಂದೆ ಫುಟ್‌ಪಾತ್ ಮೇಲೆ ಹಳೆಯ ಗುಲ್‌ಮೊಹರ್ ಇದೆ. ಮಾವನವರು ಮನೆ ಕಟ್ಟಿಸಿದಾಗಲೇ ಅದು ದೊಡ್ಡದಿತ್ತಂತೆ. ಹೋದ ತಿಂಗಳು ಪಕ್ಕದ ರಸ್ತೆಯಲ್ಲಿ ಒಂದು ಮರ ಕಾರಿನ ಮೇಲೆ ಬಿತ್ತು. ಆವತ್ತಿನಿಂದ ಅಕ್ಕಪಕ್ಕದವರು ‘ತಲೆ ಪೂರ್ತಿ ತೆಗೆಸಿಬಿಡಿ, ಭಾರ ಕಮ್ಮಿಯಾಗುತ್ತೆ’ ಅನ್ನುತ್ತಿದ್ದಾರೆ. ತೆಗೆಸಲೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಬೇಡಮ್ಮ. ಭಾರ ಕಮ್ಮಿಯಾಗುವುದು ಒಂದೆರಡು ವರ್ಷದ ಮಟ್ಟಿಗೆ ಮಾತ್ರ. ಎಲೆ ಅಂದರೆ ಮರದ ಅಡುಗೆಮನೆ. ಅದನ್ನು ಒಂದೇ ದಿನದಲ್ಲಿ ಕಿತ್ತುಹಾಕಿದರೆ ಮರ ಗಾಬರಿಬಿದ್ದು, ಕೂಡಿಟ್ಟ ಶಕ್ತಿಯನ್ನೆಲ್ಲ ಸುರಿದು ಮೊಂಡು ಕೊಂಬೆಗಳ ತುದಿಯಲ್ಲಿ ಪೊರಕೆಯ ಹಾಗೆ ಚಿಗುರು ಎಬ್ಬಿಸುತ್ತದೆ. ಸಹಜವಾಗಿ ಬೆಳೆದ ಕೊಂಬೆಯ ಬುಡ ಕಾಂಡದ ಒಳಗೆ ವರ್ಷವರ್ಷವೂ ಹೆಣೆದುಕೊಂಡಿರುತ್ತದೆ. ಈ ಹೊಸ ಚಿಗುರುಗಳು ಮಾತ್ರ ತೊಗಟೆಯ ಕೆಳಗಿನಿಂದ ಎದ್ದವು, ಸುಮ್ನೆ ಅಂಟಿಸಿದ ಹಾಗೆ. ಅತ್ತ ಕಡಿದ ಅಗಲವಾದ ಗಾಯ ಮುಚ್ಚುವುದೇ ಇಲ್ಲ. ನೀರು ಇಳಿದು ಒಳಗಿಂದ ಕೊಳೆಯುತ್ತದೆ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಕೊಳೆತ ಮೊಂಡಿನ ಮೇಲೆ ಭಾರದ ಹೊಸ ಕೊಂಬೆಗಳು ಕೂತಿರುತ್ತವೆ. ಆಗ ಬೀಳುವುದು ಖಂಡಿತ ನಿಮ್ಮ ಕಾರಿನ ಮೇಲೆಯೇ.

ನಮ್ಮ ಬಡಾವಣೆಗಳಲ್ಲಿ ಮರ ಬೀಳುವುದಕ್ಕೆ ಕಾರಣ ಬಹಳ ಸಲ ತಲೆಯಲ್ಲಿ ಇರುವುದಿಲ್ಲ, ಬುಡದಲ್ಲಿ ಇರುತ್ತದೆ. ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹೆಚ್ಚಿನ ಬೇರು ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲೇ. ಅಡ್ಡಡ್ಡ ಹರಡಿ, ಕೊಂಬೆಗಳ ನೆರಳನ್ನೂ ದಾಟಿ ಹೋಗಿರುತ್ತದೆ. ಅಷ್ಟೇ ಆಳದಲ್ಲಿ ನಮ್ಮ ಮೋರಿ, ನೀರಿನ ಪೈಪು, ಕೇಬಲ್ಲು ಎಲ್ಲ ಹೋಗುತ್ತವೆ. ಪ್ರತಿ ಸಲ ಅಗೆದಾಗಲೂ ರಸ್ತೆ ಕಡೆಯ ಬೇರು ಕತ್ತರಿಸಿಹೋಗುತ್ತದೆ. ಮೇಲೆ ಕರೆಂಟ್ ತಂತಿಗೆ ತಾಗುತ್ತದೆಂದು ಒಂದೇ ಪಕ್ಕದ ಕೊಂಬೆ ಕಡಿದಿರುತ್ತಾರೆ. ಒಂದು ಕಾಲು ಮುರಿದವನ ಒಂದೇ ಹೆಗಲಿಗೆ ಮೂಟೆ ಹೊರಿಸಿದ ಹಾಗಾಯಿತು. ಬೇಸಿಗೆಯಿಡೀ ಒಣಗಿದ ಮಣ್ಣು ಒಂದು ಜೋರು ಮಳೆಗೆ ಸಡಿಲವಾಗಿ, ಜೊತೆಗೆ ಗಾಳಿಯೂ ಬೀಸಿದರೆ ಮರ ಬುಡಸಮೇತ ಮಗುಚುತ್ತದೆ. ಗುಲ್‌ಮೊಹರ್ ಮೊದಲೇ ಮಡಗಾಸ್ಕರ್‌ನಿಂದ ಬಂದ ಮರ. ಮೇಲುಮೇಲೆ ಹರಡುವ ಬೇರು, ಮೆದು ಕಟ್ಟಿಗೆ. ಅದಕ್ಕೆ ಈ ಅಗೆತ ಇನ್ನೂ ಕಷ್ಟ.

ಹಾಗಾಗಿ ನಾಳೆ ಬೆಳಿಗ್ಗೆ ಬುಡದ ಹತ್ತಿರ ಹೋಗಿ ನೋಡಿ. ಹಿಂದಿನಿಂದಲೂ ವಾಲಿಕೊಂಡೇ ಬೆಳೆದಿದ್ದರೆ ಅದೊಂದಕ್ಕೇ ಹೆದರಬೇಕಿಲ್ಲ. ಇತ್ತೀಚೆಗೆ ವಾಲಿದ್ದರೆ, ವಾಲಿದ ದಿಕ್ಕಿನ ಎದುರು ಕಡೆ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ, ತಡಮಾಡಬೇಡಿ. ಅವತ್ತೇ ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ, ಕಾರನ್ನೂ ಬೇರೆ ಕಡೆ ನಿಲ್ಲಿಸಿ. ಬುಡದಲ್ಲಿ ತಟ್ಟೆಯಂಥ ಗಟ್ಟಿ ಅಣಬೆ ಎದ್ದಿದ್ದರೂ ತೋರಿಸಬೇಕು. ಅದು ಒಳಗೆ ಕೊಳೆತದ ಗುರುತು.

ಇದ್ಯಾವುದೂ ಇಲ್ಲ ಅಂದರೆ ಒಣಕೊಂಬೆ ತೆಗೆಸಿ, ಒಂದಕ್ಕೊಂದು ಉಜ್ಜುವ ಕೊಂಬೆಗಳಲ್ಲಿ ಒಂದನ್ನು ತೆಗೆಸಿದರೆ ಸಾಕು. ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಹಸಿರು ಹೋಗಬಾರದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯ ಹಾಗೆ ಉಬ್ಬಿರುತ್ತದಲ್ಲ, ಅದನ್ನು ಉಳಿಸಿ ಅದರಾಚೆಗೆ ಕಡಿಯಬೇಕು. ದಪ್ಪ ಕೊಂಬೆಯಾದರೆ ಮೂರು ಕಡಿತ: ಸ್ವಲ್ಪ ದೂರದಲ್ಲಿ ಮೊದಲು ಕೆಳಗಿನಿಂದ ಅರ್ಧ ಗರಗಸ, ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ, ಕೊನೆಗೆ ಉಳಿದ ಮೊಂಡು. ಹೀಗೆ ಮಾಡದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಮಚ್ಚಿನಲ್ಲಿ ಕೊಚ್ಚುವವರಿಗೆ ಈ ಕೆಲಸ ಕೊಡಬೇಡಿ.

ಗಾಯಕ್ಕೆ ಡಾಂಬರು ಬಳಿಯುವುದೂ ಬೇಡ. ಅಮೆರಿಕದ ಅಲೆಕ್ಸ್ ಶಿಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದವರು. ಮರ ಗಾಯವನ್ನು ನಮ್ಮ ಹಾಗೆ ವಾಸಿ ಮಾಡಿಕೊಳ್ಳುವುದಿಲ್ಲ, ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಕೂಡಿಹಾಕುತ್ತದೆ ಎಂದು ತೋರಿಸಿಕೊಟ್ಟರು. ಬಳಿದ ಬಣ್ಣದಿಂದ ಕೊಳೆಯುವುದು ನಿಲ್ಲುವುದಿಲ್ಲ ಎಂಬುದೂ ಅವರ ಕೆಲಸದಿಂದ ಗೊತ್ತಾಯಿತು.

ಇನ್ನೊಂದು ಮಾತು. ಫುಟ್‌ಪಾತ್ ಮರ ನಿಮ್ಮದಲ್ಲ, ಪಾಲಿಕೆಯದು. ಸ್ವಂತ ಕಾಂಪೌಂಡಿನ ಒಳಗಿನ ಮರ ಕಡಿಯಲಿಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ನೀವು ಅನುಮತಿ ಇಲ್ಲದೆ ಇವತ್ತೇ ಮಾಡಬಹುದಾದ್ದು ಒಂದಿದೆ. ಕಾಂಡಕ್ಕೆ ಒತ್ತಿ ಟೈಲ್ಸ್, ಕಾಂಕ್ರೀಟ್ ಹಾಕಿದ್ದರೆ ಸುತ್ತ ಒಂದು ಮೀಟರ್ ಬಿಡಿಸಿಕೊಡಿ ಎಂದು ಅರ್ಜಿ ಬರೆಯುವುದು. ದೆಹಲಿಯ ಮರಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೀಗೆ ಆದೇಶಿಸಿತ್ತು, ಅದನ್ನು ಅರ್ಜಿಯಲ್ಲಿ ಬರೆಯಿರಿ. ನಮ್ಮ ಬೀದಿಯ ಹೊಂಗೆಗೆ ಮೂರು ಅರ್ಜಿ ಬೇಕಾಯಿತು. ಮೂರನೆಯದಕ್ಕೆ ಒಬ್ಬರು ಹಾರೆ ಹಿಡಿದು ಬಂದರು.

ಪ್ರಶ್ನೆ: ಮನಿ ಗ್ವಾಡಿಯಿಂದ ಎಂಟು ಫೂಟ್ ದೂರ ದೊಡ್ಡ ಬೇವಿನ ಗಿಡ ಐತಿ. ಗ್ವಾಡಿ ಬಿರುಕು ಬಿಟ್ಟೈತಿ. ಗಿಡ ಕಡಸಬೇಕೇನು?
– ಓದುಗರು, ಹುಬ್ಬಳ್ಳಿ

ಉತ್ತರ: (ನಮ್ಮ ಕಡೆ ಇಷ್ಟು ದೊಡ್ಡದನ್ನು ಗಿಡ ಅಂದರೆ ನಗುತ್ತಾರೆ. ನಿಮ್ಮ ಕಡೆ ಆಲದ ಮರವೂ ಗಿಡವೇ!) ನಿಮ್ಮದು ಎರೆಮಣ್ಣಿನ ಸೀಮೆ. ಗಿಡ ಇರಲಿ, ಬಿಡಲಿ, ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಬೇವು ನೀರು ಹೀರುವುದರಿಂದ ಕುಗ್ಗುವುದು ಇನ್ನಷ್ಟು ಹೆಚ್ಚಬಹುದು, ನಿಜ. ಹಾಗೆಂದು ಒಮ್ಮೆಲೇ ಕಡಿದರೆ ಇಷ್ಟು ವರ್ಷ ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ಮಣ್ಣು ಉಬ್ಬಿ ಪಾಯವನ್ನೇ ಮೇಲಕ್ಕೆ ಎತ್ತಬಹುದು. ಮೊದಲು ಬಿರುಕಿನ ಎರಡೂ ಕಡೆ ಪೆನ್ಸಿಲ್‌ನಿಂದ ಗುರುತು ಮಾಡಿ ತಾರೀಖು ಬರೆಯಿರಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಂಡರೆ ಅದು ಮಣ್ಣಿನ ಆಟ. ಆ ಅಳತೆ ಇಟ್ಟುಕೊಂಡು ಕಟ್ಟಡದ ಎಂಜಿನಿಯರ್‌ಗೆ ತೋರಿಸಿ, ಆಮೇಲೆ ಗಿಡದ ಮಾತು.

ಪ್ರಶ್ನೆ: ಹಿತ್ತಲಿನ ಹಳೆಯ ಮಾವಿನ ಕಾಂಡದಲ್ಲಿ ಪೊಟರೆಯಾಗಿದೆ. ಸಿಮೆಂಟ್ ತುಂಬಿಸಬಹುದೇ? ಮೇಲೆ ಬಂದಳಿಕೆಯೂ ಜಾಸ್ತಿಯಾಗಿದೆ.
– ಓದುಗರು, ಮೈಸೂರು

ಉತ್ತರ: ಸಿಮೆಂಟ್ ಹಳೆಯ ಕಾಲದ ಉಪಾಯ, ಈಗ ಯಾರೂ ಒಪ್ಪುವುದಿಲ್ಲ. ಗಾಳಿಗೆ ಮರ ಬಳುಕುತ್ತದೆ, ಸಿಮೆಂಟ್ ಬಳುಕುವುದಿಲ್ಲ. ನಡುವೆ ಉಜ್ಜಿ ಗಾಯ ದೊಡ್ಡದಾಗುತ್ತದೆ, ನೀರೂ ನಿಲ್ಲುತ್ತದೆ. ಕಾಂಡದ ನಡುವಿನ ಕಟ್ಟಿಗೆ ಸತ್ತಿರುವುದು ಸಹಜ. ಜೀವ ಇರುವುದು ಹೊರಗಿನ ಪದರದಲ್ಲಿ. ಕೊಳವೆ ಕೂಡ ಗಟ್ಟಿಯಾಗೇ ನಿಲ್ಲುತ್ತದಲ್ಲವೇ? ಸುತ್ತಲೂ ಗಟ್ಟಿ ಕಟ್ಟಿಗೆ ಕಾಂಡದ ಅರ್ಧವ್ಯಾಸದ ಮೂರನೇ ಒಂದು ಭಾಗಕ್ಕಿಂತ ತೆಳ್ಳಗಾಗಿದ್ದರೆ ಮಾತ್ರ ಚಿಂತೆ. ಅಲ್ಲಿಯವರೆಗೆ ಪೊಟರೆಯನ್ನು ಹಾಲಕ್ಕಿಗೋ ಗಿಳಿಗೋ ಬಿಟ್ಟುಕೊಡಿ.

ಬಂದಳಿಕೆಯನ್ನು ಮಾತ್ರ ಬಿಡಬೇಡಿ. ಅದು ಮಾವಿನ ಕೊಂಬೆಯೊಳಗೆ ಬೇರಿಳಿಸಿ ನೀರು ಕದಿಯುತ್ತದೆ. ಬರೀ ಮುರಿದರೆ ಮತ್ತೆ ಚಿಗುರುತ್ತದೆ. ಅಂಟಿದ ಜಾಗಕ್ಕಿಂತ ಒಂದಡಿ ಹಿಂದಕ್ಕೆ, ಕೊಂಬೆ ಸಮೇತ ಕಡಿಸಿ. ಬಂದಳಿಕೆ ಹಣ್ಣು ಬಿಡುವ ಮೊದಲೇ ಕಡಿಸಿದರೆ ಒಳ್ಳೆಯದು. ಅಂಟಂಟಾದ ಬೀಜವನ್ನು ಪುಟ್ಟ ಬದನಿಕೆ ಹಕ್ಕಿಗಳು ಪಕ್ಕದ ಕೊಂಬೆಗೆ ಒರೆಸಿ ಹೋಗುತ್ತವೆ.

ಪ್ರಶ್ನೆ: ಹೊಂಗೆ ಎಲೆ ತುಂಬ ಗಂಟುಗಂಟು. ಯಾವ ಔಷಧಿ?
– ಓದುಗರು, ದಾವಣಗೆರೆ

ಉತ್ತರ: ಯಾವುದೂ ಬೇಡ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ನೋಡಲು ಚೆನ್ನಾಗಿಲ್ಲ, ಮರಕ್ಕೆ ಏನೂ ಆಗುವುದಿಲ್ಲ. ಉದುರಿದ ಎಲೆಗೆ ಬೆಂಕಿ ಹಚ್ಚದೆ ಬುಡದ ಸುತ್ತ ಹರಡಿ, ಕಾಂಡಕ್ಕೆ ಒಂದು ಗೇಣು ಬಿಟ್ಟು.

ಪ್ರಶ್ನೆ: ನಮ್ಮ ಬಡಾವಣೆಯ ಅರಳಿಕಟ್ಟೆಗೆ ಎಲ್ಲರೂ ಸೇರಿ ಗ್ರಾನೈಟ್ ಹಾಕಿಸುತ್ತಿದ್ದೇವೆ. ಮರಕ್ಕೆ ತೊಂದರೆ ಇಲ್ಲ ತಾನೇ?
– ಓದುಗರು, ತುಮಕೂರು

ಉತ್ತರ: ಇದೆ. ಹಳೆಯ ಕಟ್ಟೆಗಳನ್ನು ನೆನೆಸಿಕೊಳ್ಳಿ. ಕಲ್ಲಿನ ಮೇಲೆ ಕಲ್ಲು, ನಡುವೆ ಮಣ್ಣು. ಸಂದಿನಲ್ಲಿ ನೀರು ಇಳಿಯುತ್ತಿತ್ತು, ಗಾಳಿಯೂ ಆಡುತ್ತಿತ್ತು. ಗ್ರಾನೈಟ್ ಕೂರಿಸಿ ಸಂದಿಗೆ ಸಿಮೆಂಟ್ ಮೆತ್ತಿದರೆ ಎರಡೂ ಬಂದ್. ಅರಳಿ ಗಟ್ಟಿಗ, ಬೇಗ ಸಾಯುವುದಿಲ್ಲ. ಅದರ ಬೇರು ನಿಮ್ಮ ಗ್ರಾನೈಟನ್ನೇ ಎತ್ತಿಬಿಡುತ್ತದೆ, ಆಗ ಎಲ್ಲರೂ ಸೇರಿ ಬೇರು ಕಡಿಯಲು ಹೊರಡುತ್ತೀರಿ. ಕಾಂಡದ ಬುಡಕ್ಕೆ ಮಣ್ಣು ಏರಿಸುವುದೂ ತಪ್ಪು. ಮರ ನೆಲ ಸೇರುವಲ್ಲಿ ಅಗಲವಾಗಿ ಹರಡಿರಬೇಕು. ಕಂಬ ನೆಟ್ಟ ಹಾಗೆ ನೇರ ಇಳಿದಿದ್ದರೆ ಬುಡ ಹೂತುಹೋಗಿದೆ ಅಂತಲೇ ಲೆಕ್ಕ. ಅಡ್ವಾನ್ಸ್ ಕೊಟ್ಟಾಗಿದ್ದರೆ ಕಲ್ಲನ್ನು ಕಟ್ಟೆಯ ಹೊರಗೋಡೆಗೆ, ಕೂರುವ ಅಂಚಿಗೆ ಹಾಕಿಸಿ. ಗೋಡೆಯ ಕೆಳಗೆ ನೀರು ಹೋಗಲು ನಾಲ್ಕೈದು ಕಿಂಡಿ ಬಿಡಿಸಿ. ನಾಗರಕಲ್ಲಿನ ಸುತ್ತ, ಕಾಂಡದ ಸುತ್ತ ಮಣ್ಣೇ ಇರಲಿ. ಪೂಜೆಯ ನೀರು ಅಲ್ಲೇ ಇಳಿಯಬೇಕಲ್ಲ.