ಗೇಮಿಂಗ್ ಕಂಪ್ಯೂಟರ್‌ಗೆ ಫ್ಯಾನ್‌ಗಳನ್ನು ಹೆಚ್ಚಿಸಿದರೂ ಬಿಸಿ ಏಕೆ ಇಳಿಯುವುದಿಲ್ಲ?

ಫ್ಯಾನ್‌ಗಳ ಸಂಖ್ಯೆಗಿಂತ ಗಾಳಿ ಸಾಗುವ ದಾರಿ ಮುಖ್ಯ. ತಣ್ಣನೆಯ ಗಾಳಿ ಮುಂಭಾಗದಿಂದ ಒಳಬಂದು, ಗ್ರಾಫಿಕ್ಸ್ ಕಾರ್ಡ್ ಹಾಗೂ ಪ್ರೊಸೆಸರ್ ಕೂಲರ್‌ಗಳನ್ನು ಹಾದು, ಹಿಂಭಾಗದಿಂದ ಹೊರಹೋಗುವಂತಿದ್ದರೆ, ಮುಂದೆ ಎರಡು, ಹಿಂದೆ ಒಂದು, ಹೀಗೆ 120 ಮಿ.ಮೀ.ನ ಮೂರು ಫ್ಯಾನ್‌ಗಳೇ ಸಾಮಾನ್ಯವಾಗಿ ಸಾಕಾಗುತ್ತವೆ. ಫ್ಯಾನ್ ಯಾವ ಕಡೆಗೆ ಊದುತ್ತದೆಂಬ ಅನುಮಾನವಿದ್ದರೆ ಅದರ ಚೌಕಟ್ಟನ್ನು ನೋಡಿ: ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳ ಬದಿಯಿಂದಲೇ ಬಹುತೇಕ ಫ್ಯಾನ್‌ಗಳಲ್ಲಿ ಗಾಳಿ ಹೊರಬರುತ್ತದೆ.

ನಿಜವಾದ ತೊಡಕು ಹೆಚ್ಚಾಗಿ ಮುಂಭಾಗದ ಫಲಕದಲ್ಲಿರುತ್ತದೆ. ಅಂದಕ್ಕೆಂದು ಗಾಜಿನಿಂದ ಮುಚ್ಚಿದ ಮುಖದ ಹಿಂದೆ ಕೂರಿಸಿದ ಫ್ಯಾನ್‌ಗಳು ಮೂಗು ಕಟ್ಟಿದವರಂತೆ ಏದುಸಿರು ಬಿಡುತ್ತವೆ; ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಜಾಲರಿ ಮುಖದ ಕ್ಯಾಬಿನೆಟ್‌ಗೆ ಕೊಡುವುದೇ ಲೇಸು. ಪರೀಕ್ಷೆ ಸುಲಭ: ಒಂದು ಆಟವನ್ನು ಅರ್ಧ ಗಂಟೆ ಆಡಿ ತಾಪಮಾನವನ್ನು ಗುರುತಿಟ್ಟುಕೊಂಡು, ಪಕ್ಕದ ಫಲಕವನ್ನು ತೆಗೆದು ಮತ್ತೆ ಅಷ್ಟೇ ಹೊತ್ತು ಆಡಿ. ಗ್ರಾಫಿಕ್ಸ್ ಕಾರ್ಡ್‌ನ ಬಿಸಿ 8-10 ಡಿಗ್ರಿ ಇಳಿದರೆ ದೋಷ ಗಾಳಿಯಾಟದ್ದು. ಇಳಿಯದಿದ್ದರೆ ಕಾರ್ಡ್‌ನ ಕೂಲರ್‌ನಲ್ಲಿ ಧೂಳು ತುಂಬಿರಬಹುದು ಅಥವಾ ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪವಾದ ಥರ್ಮಲ್ ಪೇಸ್ಟ್ ಒಣಗಿರಬಹುದು.

ಒಳಗೆಳೆಯುವ ಗಾಳಿ ಹೊರದೂಡುವುದಕ್ಕಿಂತ ತುಸು ಹೆಚ್ಚಿದ್ದರೆ ಫಿಲ್ಟರ್ ಇಲ್ಲದ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಆದರೆ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಯಾವ ಫ್ಯಾನಿಗೂ ಆಗದು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಆಡುವವರು ಆಟದ ಫ್ರೇಮ್ ದರಕ್ಕೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ, ಮಿತಿ ಹಾಕಿ ಕಾರ್ಡ್‌ನ ಕೆಲಸವನ್ನು ತಗ್ಗಿಸಿಕೊಳ್ಳುವುದು ಒಳಿತು.