ಹೆಸರು ಬೆಳೆಗೆ ಬರುವ ಚಿಗರಿಗಳನ್ನು (ಕೃಷ್ಣಮೃಗ) ಗೋವಿನಜೋಳ, ಉಪ್ಪು ಇಟ್ಟು ಬೇರೆ ಕಡೆ ಸೆಳೆಯಬಹುದೇ?

ಇಡಬೇಡಿ. ಬದುವಿನ ಮೂಲೆಯಲ್ಲಿ ಗೋವಿನಜೋಳ ಸುರಿದು ಉಪ್ಪಿನ ಗಡ್ಡೆ ಇಟ್ಟರೆ ಚಿಗರಿ ಅಲ್ಲೇ ತಿಂದು ಹೋಗುತ್ತವೆ, ಹೆಸರು ಉಳಿಯುತ್ತದೆ ಅನ್ನುವ ನಿಮ್ಮ ಲೆಕ್ಕ ಉಲ್ಟಾ ಹೊಡೆಯುತ್ತದೆ. ಜಿಂಕೆಗೆ ಕಾಳು ಇಡುವುದನ್ನು ತೋರಿಸುವ, ನೀವು ನೋಡಿದ ಅಮೆರಿಕದ ವಿಡಿಯೋ ಬೆಳೆ ಕಾಯುವವರದಲ್ಲ, ಬೇಟೆಯಾಡುವವರದು.

ಅಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಡ್ರಮ್, ಅದರ ತಳಕ್ಕೆ ಬ್ಯಾಟರಿ ಮೋಟಾರು, ಟೈಮರ್. ಬೆಳಗ್ಗೆ, ಸಂಜೆ ಕೆಲವು ಸೆಕೆಂಡು ತಟ್ಟೆ ತಿರುಗಿ ಕಾಳು ಸುತ್ತ ಚೆಲ್ಲುತ್ತದೆ. ಜಿಂಕೆಗೆ ಆ ಹೊತ್ತು, ಆ ಸದ್ದು ರೂಢಿಯಾಗುತ್ತದೆ, ಬೇಟೆಗಾರ ಹತ್ತಿರದಲ್ಲೇ ಮರೆಯಲ್ಲಿ ಕೂತಿರುತ್ತಾನೆ. ಅಂದರೆ ಪ್ರಾಣಿಯನ್ನು ದಿನಾ ಒಂದೇ ಜಾಗಕ್ಕೆ ಕರೆಸುವ ಏರ್ಪಾಟು ಅದು. ನಿಮಗೆ ಬೇಕಾದದ್ದು ಅವು ಬಾರದೇ ಇರುವುದು. ಕಾಳಿಗೆ ಬಂದ ಹಿಂಡು ಹತ್ತು ಮಾರು ಆಚೆಗಿರುವ ಎಳೆ ಹೆಸರನ್ನು ಬಿಟ್ಟು ಹೋಗುವುದಿಲ್ಲ. (ನಮ್ಮ ಚಿಗರಿಯನ್ನೇ 1932ರಲ್ಲಿ ಟೆಕ್ಸಾಸ್‌ಗೆ ಒಯ್ದು ಬಿಟ್ಟರು. ಅಲ್ಲಿ ಈಗ ಅದೂ ಬೇಟೆಯ ಪ್ರಾಣಿ.)

ಕಾನೂನಿನ ಮಾತು ಇನ್ನೂ ಗಂಭೀರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2(16)ನೇ ಕಲಮಿನಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ಆಮಿಷ ಒಡ್ಡುವುದೂ ಅದರಲ್ಲೇ ಬರುತ್ತದೆ. ಕೃಷ್ಣಮೃಗ ಒಂದನೇ ಅನುಸೂಚಿಯಲ್ಲಿದೆ; ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ, ಮೇಲೆ ದಂಡ. ನಿಮ್ಮ ಮನಸ್ಸಿನಲ್ಲಿ ಏನೂ ಇರದಿರಬಹುದು, ಆದರೆ ಆ ರಾಶಿಯ ಪಕ್ಕ ಒಂದು ಚಿಗರಿ ಸತ್ತು ಬಿದ್ದರೆ ಮೊದಲು ವಿಚಾರಿಸುವುದು ನಿಮ್ಮನ್ನೇ.

ಸಾಯುವುದೂ ದೂರದ ಮಾತಲ್ಲ. ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಹುಳಿ ಏರಿ ಒಂದೆರಡು ದಿನದಲ್ಲಿ ಪ್ರಾಣಿ ನೆಲ ಹಿಡಿಯುತ್ತದೆ. ಜೋಳದ ರಾಶಿಗೆ ಬಾಯಿ ಹಾಕಿದ ಕುರಿಗೆ ಆಗುವುದೂ ಇದೇ. ಮಳೆಗೆ ನೆನೆದು ಬೂಸ್ಟು ಹಿಡಿದ ಗೋವಿನಜೋಳವಂತೂ ವಿಷ. ಉಪ್ಪಿನ ಗಡ್ಡೆಯನ್ನು ಚಿಗರಿ, ಕುರಿ, ದನ ಎಲ್ಲ ನೆಕ್ಕಿದರೆ ಕಾಲುಬಾಯಿ ಬೇನೆ ಜೊಲ್ಲಿನ ಮೂಲಕ ನಿಮ್ಮ ಕೊಟ್ಟಿಗೆಗೇ ಬರಬಹುದು. ಅಮೆರಿಕದಲ್ಲೂ ಜಿಂಕೆಗಳ ಮಿದುಳು ತಿನ್ನುವ ರೋಗ ಹರಡುತ್ತದೆಂದು ಹಲವು ಕಡೆ ಆಮಿಷ ಇಡುವುದನ್ನು ನಿಷೇಧಿಸಿದ್ದಾರೆ.

ಬದಲಿಗೆ ಬೇಲಿಗೆ ದುಡ್ಡು ಹಾಕಿ. ಚಿಗರಿ ಎಷ್ಟೇ ಎತ್ತರ ಜಿಗಿದರೂ ಬೇಲಿ ಕಂಡಾಗ ಸಾಮಾನ್ಯವಾಗಿ ಕೆಳಗೇ ನುಸುಳುತ್ತದೆ. ಆದ್ದರಿಂದ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಸೋಲಾರ್ ಬೇಲಿಯಾದರೆ ಕೊನೆಯ ಕಂಬದ ಹತ್ತಿರವೂ 4,000 ವೋಲ್ಟ್ ಸಿಗಬೇಕು. ನಮ್ಮ ಎರೆಮಣ್ಣಿನಲ್ಲಿ ಕೆಡುವುದು ಎರಡೇ ಕಡೆ. ಮಳೆಗಾಲದಲ್ಲಿ ಕಸ ಬೆಳೆದು ಕೆಳಗಿನ ತಂತಿಗೆ ತಾಗಿ ಕರೆಂಟು ಸೋರುತ್ತದೆ; ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಅರ್ಥಿಂಗ್ (ಕರೆಂಟು ನೆಲದ ಮೂಲಕ ಮರಳುವ ದಾರಿ) ಸತ್ತುಹೋಗುತ್ತದೆ. ಅರ್ಥಿಂಗ್‌ಗೆ 6 ಅಡಿಯ ಮೂರು ಜಿ.ಐ. (ಸತುವು ಲೇಪಿಸಿದ ಕಬ್ಬಿಣ) ರಾಡುಗಳನ್ನು 10 ಅಡಿಗೊಂದರಂತೆ ಹೂತು, ಬುಡಕ್ಕೆ ನೀರು ಬಿಡುತ್ತಿರಿ. ಒಂದು ತಂತಿ ಕರೆಂಟು, ಮುಂದಿನದು ಅರ್ಥ್, ಹೀಗೆ ಎಳೆದರೆ ಒಣ ನೆಲದಲ್ಲೂ ಹೊಡೆತ ಸಿಗುತ್ತದೆ. ಮನೆಯ ಲೈನಿನಿಂದ ಕರೆಂಟು ಕೊಡುವುದು ಬೇಡವೇ ಬೇಡ, ಹೋಗುವುದು ಮನುಷ್ಯರ ಜೀವ.

ಹಿಂಗಾರಿ ಕಡಲೆಯ ಸುತ್ತ ನಾಲ್ಕು ಸಾಲು ಕುಸುಬೆ ಹಾಕುವ ರೂಢಿ ಒಳ್ಳೆಯದೇ, ಆದರೆ ಮುಳ್ಳು ಬಲಿಯುವವರೆಗೆ ಅದೂ ಮೇವೇ. ಮೊದಲ ತಿಂಗಳು ನೀವೇ ಕಾಯಬೇಕು.

ಹಾನಿ ಆಗಿದ್ದರೆ ಉತಾರ (ಪಹಣಿ), ಆಧಾರ್, ಪಾಸ್‌ಬುಕ್ ಮತ್ತು ಫೋಟೋಗಳೊಂದಿಗೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಬೇಗ ಅರ್ಜಿ ಕೊಡಿ. ಅವರು ಬಂದು ನೋಡುವವರೆಗೆ ಎಡೆ ಹೊಡೆಯಬೇಡಿ (ಸಾಲುಗಳ ನಡುವೆ ಕುಂಟೆ ಆಡಿಸಬೇಡಿ). ಹೆಜ್ಜೆ ಗುರುತು, ಕಚ್ಚಿದ ಕುಡಿ ಎಲ್ಲ ಮಣ್ಣುಪಾಲಾದರೆ ಪಂಚನಾಮೆಯಲ್ಲಿ ಬರೆಯಲು ಏನೂ ಉಳಿಯುವುದಿಲ್ಲ.